ಗೆರೆ ಬಿದ್ದ ಮೇಲೆ ಪುಣೆಯಲ್ಲಿ ಉಳಿದವರು

1956ರ ಅಕ್ಟೋಬರ್ 31ರ ರಾತ್ರಿ ಪುಣೆಯ ವಸತಿಗೃಹದಲ್ಲಿ ಮಲಗಿದ ಧಾರವಾಡದ ಹುಡುಗ ತನ್ನದೇ ರಾಜ್ಯದಲ್ಲಿದ್ದ. ಬೆಳಗಾಗುವಷ್ಟರಲ್ಲಿ ಪರರಾಜ್ಯದವನಾಗಿದ್ದ. ಅವನು ಗಡಿ ದಾಟಿರಲಿಲ್ಲ, ಗಡಿಯೇ ಅವನನ್ನು ದಾಟಿ ಹೋಗಿತ್ತು. ನವೆಂಬರ್ 1ರಂದು ಧಾರವಾಡ, ಬಿಜಾಪುರ, ಉತ್ತರ ಕನ್ನಡ ಮತ್ತು ಚಂದಗಡ ತಾಲ್ಲೂಕು ಬಿಟ್ಟು ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಿಂದ ಕಳಚಿಕೊಂಡು ಮೈಸೂರು ರಾಜ್ಯವನ್ನು ಸೇರಿದವು. ಪುಣೆ ಇದ್ದಲ್ಲೇ ಉಳಿಯಿತು. ಕನ್ನಡಿಗರಿಗೆ ಅದು ಹಬ್ಬದ ದಿನ. ಪುಣೆಯಲ್ಲಿ ಕೆಲಸ, ಓದು, ಸಂಸಾರ ಕಟ್ಟಿಕೊಂಡಿದ್ದ ಕನ್ನಡಿಗರಿಗೂ ಹಬ್ಬವೇ. ಆದರೆ ಅವರ ಸಂಭ್ರಮದ ಒಳಗೊಂದು ಪ್ರಶ್ನೆಯೂ ಇತ್ತು: ಇನ್ನು ಮೇಲೆ ನಾವು ಈ ಊರಿನವರೋ, ಈ ಊರಿಗೆ ಬಂದವರೋ?

ಈ ಪ್ರಶ್ನೆ ಯಾಕೆ ಅಷ್ಟು ಚುಚ್ಚುವಂಥದ್ದು ಎಂದು ತಿಳಿಯಬೇಕಾದರೆ ಹಿಂದಕ್ಕೆ ಹೋಗಬೇಕು. ಉತ್ತರ ಕರ್ನಾಟಕದವರ ಪಾಲಿಗೆ ಪುಣೆ ಪರಸ್ಥಳವಾಗಿರಲಿಲ್ಲ, ರಾಜಧಾನಿಯಾಗಿತ್ತು. 1791ರಲ್ಲಿ ಧಾರವಾಡದ ಕೋಟೆಯನ್ನು ಟಿಪ್ಪುವಿನ ಕಡೆಯವರಿಂದ ಗೆದ್ದುಕೊಂಡದ್ದು ಪರಶುರಾಮ ಭಾವು ಪಟವರ್ಧನರ ನೇತೃತ್ವದ ಮರಾಠಾ ಸೈನ್ಯ. ಅಲ್ಲಿಂದ ಪೇಶ್ವೆಗಳ ಆಳ್ವಿಕೆ ಮುಗಿಯುವ ತನಕ ಆ ಸೀಮೆಯ ಕಂದಾಯದ ಲೆಕ್ಕ ಮರಾಠಿಯಲ್ಲೇ ನಡೆಯಿತು. ಬ್ರಿಟಿಷರು ಬಂದ ಮೇಲೂ ಬದಲಾವಣೆ ನಿಧಾನ. ಅವರ ಕಾಗದಪತ್ರಗಳಲ್ಲಿ ಧಾರವಾಡದ ಸುತ್ತಿನ ನಾಡಿಗೆ ದಕ್ಷಿಣ ಮರಾಠಾ ದೇಶ ಎಂದೇ ಹೆಸರು. ಪುಣೆಯಿಂದ ಬೆಳಗಾವಿಯ ಮೇಲೆ ಲೋಂಡಾದವರೆಗೆ ಹಳಿ ಹಾಸಿದ ಕಂಪನಿ ಕೂಡ ಸದರ್ನ್ ಮರಾಠಾ ರೈಲ್ವೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮೋಡಿ ಲಿಪಿಯ ಮರಾಠಿ: ಹೀಗೆ ಹಲವು ತಲೆಮಾರು ಬಾಳಿದವು. ಡೆಪ್ಯುಟಿ ಚನ್ನಬಸಪ್ಪನವರಂಥವರು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕನ್ನಡ ಶಾಲೆಗಳಿಗಾಗಿ ಊರೂರು ಅಲೆದದ್ದು ಈ ಹಿನ್ನೆಲೆಯಲ್ಲಿ. ಅವರು ಮರಾಠಿಯನ್ನು ದ್ವೇಷಿಸಿದವರಲ್ಲ. ಮಗುವಿಗೆ ಅದರ ಮನೆಯ ಮಾತಿನಲ್ಲಿ ಅಕ್ಷರ ಕಲಿಸಿ ಎಂದು ಸರ್ಕಾರದ ಒಳಗಿದ್ದುಕೊಂಡೇ ಹಟ ಹಿಡಿದವರು.

ಶಾಲೆಗಳು ಬಂದವು, ಕಾಲೇಜು ಬರಲಿಲ್ಲ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ. ಅದಕ್ಕೆ ಮೊದಲು ಪದವಿ ಓದಬೇಕೆಂದ ಮುಂಬಯಿ ಕರ್ನಾಟಕದ ಹುಡುಗರು ಬಹುಪಾಲು ಪುಣೆಗೋ ಮುಂಬಯಿಗೋ ಹಾಸಿಗೆ ಕಟ್ಟುತ್ತಿದ್ದರು. ಪುಣೆಯಲ್ಲಿ ಡೆಕ್ಕನ್ ಕಾಲೇಜಿತ್ತು. 1885ರಿಂದ ಫರ್ಗ್ಯುಸನ್ ಕಾಲೇಜೂ ಇತ್ತು. ಮುಂದೆ ಬಂದ ಸರ್ ಪರಶುರಾಮಭಾವು ಕಾಲೇಜಿಗೆ ಹೆಸರು ಸಿಕ್ಕಿದ್ದು ಜಮಖಂಡಿಯ ಪಟವರ್ಧನ ದೊರೆಯಿಂದ. ಜಮಖಂಡಿಯ ಕಪ್ಪು ಮಣ್ಣನ್ನು ಉತ್ತು ಕಂದಾಯ ಕಟ್ಟಿದ ರೈತರು ಬಹುಪಾಲು ಕನ್ನಡಿಗರು. ಪುಣೆಯ ವಿದ್ಯಾವೈಭವದಲ್ಲಿ ಅವರ ಬೆವರಿನ ಪಾಲೂ ಇದೆ ಎಂಬುದನ್ನು ಯಾರೂ ಎತ್ತಿ ಹೇಳುವುದಿಲ್ಲ. ಅದಕ್ಕಾಗಿ ಇಲ್ಲಿ ಹೇಳುತ್ತಿದ್ದೇನೆ.

ಹಾಗೆ ಪುಣೆಗೆ ಹೋದವರಲ್ಲಿ ರಾ. ಹ. ದೇಶಪಾಂಡೆಯವರೊಬ್ಬರು. ಡೆಕ್ಕನ್ ಕಾಲೇಜಿನಲ್ಲಿ ಓದಿ ಎಂ.ಎ. ಮಾಡಿ ಬಂದ ಅವರು 1890ರ ಜುಲೈ 20ರಂದು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿದರು. ಇನ್ನೊಬ್ಬರು ಆಲೂರು ವೆಂಕಟರಾಯರು. ಬಿಜಾಪುರದಲ್ಲಿ 1880ರಲ್ಲಿ ಹುಟ್ಟಿ, ಫರ್ಗ್ಯುಸನ್‌ನಲ್ಲಿ ಪದವಿ ಪಡೆದರು. ಅವರು ಅಲ್ಲಿದ್ದ ಕಾಲದ ಪುಣೆಯನ್ನು ನೆನೆಸಿಕೊಳ್ಳಿ. ತಿಲಕರ ‘ಕೇಸರಿ’ ಪತ್ರಿಕೆ ಮನೆಮನೆಗೆ ಬರುತ್ತಿತ್ತು. ಮನೆಯ ಗಣಪತಿ 1893ರಿಂದ ಬೀದಿಗೆ ಬಂದಿದ್ದ. ಶಿವಾಜಿಯ ಹೆಸರಿನ ಉತ್ಸವ ಹಳೆಯ ಕೋಟೆಗಳಿಗೆ ಮತ್ತೆ ಜೀವ ತುಂಬಿತ್ತು. ಗುಲಾಮಗಿರಿಯಲ್ಲಿದ್ದ ಒಂದು ಜನಸಮುದಾಯ ತನ್ನ ಚರಿತ್ರೆಯನ್ನು ಹೆಕ್ಕಿ ತೆಗೆದು ಅದನ್ನೇ ಬೆನ್ನೆಲುಬು ಮಾಡಿಕೊಳ್ಳುತ್ತಿದ್ದುದನ್ನು ಕನ್ನಡದ ಹುಡುಗ ಕಣ್ಣಾರೆ ಕಂಡ.

ಅವನ ಮುಂದೆ ಎರಡು ದಾರಿಗಳಿದ್ದವು. ಆ ಹೊನಲಿನಲ್ಲಿ ಕರಗಿ ಮರಾಠಿಗನೇ ಆಗಿಬಿಡುವುದು ಒಂದು. ಹಾಗೆ ಕರಗಿದವರು ಸಾಕಷ್ಟು ಮಂದಿ. ಸಿಟ್ಟಾಗಿ ಮುಖ ತಿರುಗಿಸುವುದು ಇನ್ನೊಂದು. ಆಲೂರರು ಎರಡನ್ನೂ ಹಿಡಿಯಲಿಲ್ಲ. ಇವರಿಗೆ ಇರುವಂಥದ್ದು ನಮಗೂ ಇರಬೇಕಲ್ಲ, ಅದೆಲ್ಲಿದೆ ಎಂದು ಹುಡುಕಿಕೊಂಡು ಹೊರಟರು. 1905ರಲ್ಲಿ ಹಂಪಿಯ ಹಾಳು ಬೀದಿಗಳಲ್ಲಿ ನಿಂತಾಗ ಅವರಿಗೆ ಉತ್ತರ ಸಿಕ್ಕಿತು. ಹನ್ನೆರಡು ವರ್ಷಗಳ ಮೇಲೆ, 1917ರಲ್ಲಿ, ‘ಕರ್ನಾಟಕ ಗತವೈಭವ’ ಹೊರಬಂತು. ಕನ್ನಡ ನಾಡು ಒಂದಾಗಬೇಕೆಂಬ ಹಂಬಲ ಹಂಪಿಯಲ್ಲಿ ಹೊತ್ತಿಕೊಂಡಿತು ಎಂದು ನಾವು ಶಾಲೆಯಲ್ಲಿ ಓದುತ್ತೇವೆ. ಅದು ನಿಜ. ಆದರೆ ಬತ್ತಿ ಹೊಸೆದದ್ದು ಪುಣೆಯಲ್ಲಿ. ಕನ್ನಡದ ಕುಲಪುರೋಹಿತರೆಂದು ನಾವು ಕರೆಯುವ ಇದೇ ಆಲೂರರು ತಿಲಕರ ‘ಗೀತಾರಹಸ್ಯ’ವನ್ನು ಕನ್ನಡಕ್ಕೆ ತಂದವರು. ಗುರುವಿನ ಋಣವನ್ನು ಅವರು ಮುಚ್ಚಿಡಲಿಲ್ಲ. ಆ ಋಣ ಕನ್ನಡತನಕ್ಕೆ ಕುಂದೆಂದು ಅವರಿಗೆ ಅನಿಸಲೂ ಇಲ್ಲ.

ಆಗ ಎದ್ದ ಆಕ್ಷೇಪ ಇವತ್ತಿಗೂ ಕೇಳಿಬರುವಂಥದ್ದೇ. ಕರ್ನಾಟಕ, ಕನ್ನಡ ಎಂದು ಹೊರಟರೆ ದೇಶದ ಗತಿಯೇನು, ನಿಮ್ಮ ನಿಷ್ಠೆ ಯಾವುದಕ್ಕೆ? ಆಲೂರರು ಕರ್ನಾಟಕತ್ವ ಎಂಬ ತಮ್ಮ ವಿಚಾರವನ್ನು ಜೀವಮಾನವಿಡೀ ತಿದ್ದಿ ತೀಡಿದ್ದು ಈ ಪ್ರಶ್ನೆಗೆ ಉತ್ತರವಾಗಿಯೇ. ಕನ್ನಡಿಗನಾಗದೆ ಭಾರತೀಯನಾಗಲು ಬರುವುದಿಲ್ಲ, ಒಂದು ಇನ್ನೊಂದಕ್ಕೆ ಮೆಟ್ಟಿಲು ಎಂಬುದು ಅವರ ವಾದದ ಸಾರ. ತಿಲಕರೂ ಕೊನೆಗಾಲದಲ್ಲಿ ಇದೇ ಕಡೆಗೆ ಬಂದಿದ್ದರು. 1920ರ ಏಪ್ರಿಲ್‌ನಲ್ಲಿ ಅವರು ಹೊರಡಿಸಿದ ಕಾಂಗ್ರೆಸ್ ಡೆಮಾಕ್ರಟಿಕ್ ಪಕ್ಷದ ಪ್ರಣಾಳಿಕೆಯಲ್ಲಿ ಭಾಷೆಯ ಆಧಾರದ ಮೇಲೆ ಪ್ರಾಂತಗಳ ಮರುವಿಂಗಡಣೆಯ ಮಾತಿದೆ. ಆಗಸ್ಟ್ 1ರಂದು ಅವರು ತೀರಿಹೋದರು. ಡಿಸೆಂಬರ್‌ನಲ್ಲಿ ನಾಗಪುರದಲ್ಲಿ ಕೂಡಿದ ಕಾಂಗ್ರೆಸ್ ಭಾಷಾವಾರು ಪ್ರಾಂತ ಸಮಿತಿಗಳನ್ನು ಒಪ್ಪಿತು. ಕರ್ನಾಟಕಕ್ಕೂ ತನ್ನದೇ ಸಮಿತಿ ಸಿಕ್ಕಿತು. ಅದರ ಮುಂದಾಳು ಹುದಲಿಯ ಗಂಗಾಧರರಾವ ದೇಶಪಾಂಡೆ. ತಿಲಕರ ನಿಕಟ ಅನುಯಾಯಿ, ಮರಾಠಿಯಲ್ಲಿ ಬರೆದವರು, ಕರ್ನಾಟಕ ಸಿಂಹ ಎಂದು ಹೆಸರಾದವರು. 1924ರಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿಯ ಅಧಿವೇಶನವನ್ನು ಹೊತ್ತು ನಡೆಸಿದವರು ಅವರೇ. ಇವರನ್ನು ಯಾವ ಬದಿಗೆ ಎಣಿಸುತ್ತೀರಿ?

ದ. ರಾ. ಬೇಂದ್ರೆಯವರನ್ನಂತೂ ಯಾವ ಬದಿಗೂ ಎಳೆಯಲು ಆಗದು. ಮನೆಮಾತು ಮರಾಠಿ. 1913ರಲ್ಲಿ ಮೆಟ್ರಿಕ್ ಮುಗಿಸಿ ಧಾರವಾಡದಿಂದ ಪುಣೆಗೆ ಹೋಗಿ ಫರ್ಗ್ಯುಸನ್ ಸೇರಿದರು. 1918ರಲ್ಲಿ ಬಿ.ಎ. ಆಯಿತು. ಸುತ್ತಲೂ ಮರಾಠಿ, ಮನೆಯೊಳಗೂ ಮರಾಠಿ. ಅಲ್ಲೇ ನೆಲೆ ನಿಂತು ಮರಾಠಿ ಕವಿಯಾಗಿದ್ದರೆ ಯಾರೂ ಅಚ್ಚರಿಪಡುತ್ತಿರಲಿಲ್ಲ. ಅವರು ಧಾರವಾಡಕ್ಕೆ ಮರಳಿ ಬಂದರು. ಧಾರವಾಡದ ಸಂತೆಯ, ಕೆರೆ ದಂಡೆಯ, ಹೆಣ್ಣುಮಕ್ಕಳ ಹಾಡಿನ ಕನ್ನಡವನ್ನು ಕಾವ್ಯಕ್ಕೆ ಎತ್ತಿದರು. ಹಾಗಂತ ಮರಾಠಿಯನ್ನು ತೊರೆಯಲಿಲ್ಲ, ಅದರಲ್ಲೂ ಬರೆದರು. ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ವರ್ಷಗಟ್ಟಲೆ ಕನ್ನಡ ಕಲಿಸಿದರು. ಅವರು ಸೊಲ್ಲಾಪುರ ಬಿಟ್ಟದ್ದು ರಾಜ್ಯಗಳ ಗೆರೆ ಬಿದ್ದ ಅದೇ 1956ರಲ್ಲಿ. ಮುಂದೆ 1973ರ ಜ್ಞಾನಪೀಠ ಕನ್ನಡಕ್ಕೆಂದು ಬಂದಾಗ ಅದನ್ನು ತಂದುಕೊಟ್ಟವರು ಮರಾಠಿ ಮನೆಯ ಈ ಮಗ.

ಇನ್ನು ಗೆರೆಯ ಕಥೆ. ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರ್ ಇದ್ದ ರಾಜ್ಯ ಪುನರ್ವಿಂಗಡಣಾ ಆಯೋಗ 1955ರ ಸೆಪ್ಟೆಂಬರ್ 30ರಂದು ವರದಿ ಕೊಟ್ಟಿತು. ಮರಾಠಿಗರಿಗೆ ಮುಂಬಯಿ ಸಹಿತ ತಮ್ಮ ರಾಜ್ಯ ಸಿಗಲಿಲ್ಲ. 1956ರ ಫೆಬ್ರವರಿ 6ರಂದು ಸಂಯುಕ್ತ ಮಹಾರಾಷ್ಟ್ರ ಸಮಿತಿ ಹುಟ್ಟಿತು, ಅದೂ ಪುಣೆಯಲ್ಲೇ. ಬೆಳಗಾವಿ ನಮಗೆ ಬೇಕು ಎಂಬ ಕೂಗು ಅದರ ಜೊತೆಗಿತ್ತು. ಬೆಳಗಾವಿಯ ಮರಾಠಿಗರೂ ಪುಣೆಯ ಕನ್ನಡಿಗರೂ ಒಂದೇ ದಿನ, ಒಂದೇ ಕಾನೂನಿನಿಂದ ಅಲ್ಪಸಂಖ್ಯಾತರಾದರು. ಒಬ್ಬರ ನೋವು ಇನ್ನೊಬ್ಬರಿಗೆ ಎಲ್ಲರಿಗಿಂತ ಚೆನ್ನಾಗಿ ಅರ್ಥವಾಗಬೇಕಿತ್ತು. ಆಗಲಿಲ್ಲ ಎಂಬುದು ನಮ್ಮಿಬ್ಬರ ಚರಿತ್ರೆಯ ದೊಡ್ಡ ದುಃಖ. ಗಡಿ ವಿವಾದದ ಮಹಾಜನ ಆಯೋಗ 1967ರಲ್ಲಿ ಹಳ್ಳಿಗಳನ್ನು ಅತ್ತ ಇತ್ತ ಹಂಚಿ ವರದಿ ಕೊಟ್ಟಿತು. ಜಗಳ ಹರಿಯಲಿಲ್ಲ. ಇವತ್ತಿಗೂ ಬೆಳಗಾವಿಯಲ್ಲಿ ಕಲ್ಲು ಬಿದ್ದರೆ ಪುಣೆಯಲ್ಲಿ ಕರ್ನಾಟಕದ ಬಸ್ಸಿಗೆ ಮಸಿ ಬೀಳುತ್ತದೆ. ಅತ್ತ ಹಾಗಾದರೆ ಇತ್ತಲೂ ಹೀಗೇ.

ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿಯಲ್ಲಿ ಗಡಿಗಿಂತ ದೊಡ್ಡದಾದ ಒಂದು ಮಾತಿತ್ತು. ಭಾಷೆಯ ಆಧಾರದಲ್ಲಿ ರಾಜ್ಯ ಮಾಡುವುದೆಂದರೆ ಆ ನೆಲ ಒಂದು ಭಾಷೆಯವರ ಸ್ವಂತ ಮನೆ, ಉಳಿದವರು ಬಿಡಾರದವರು ಎಂದಲ್ಲ. ಆ ಕಲ್ಪನೆಯನ್ನು ತಿರಸ್ಕರಿಸಬೇಕು, ಏಕೆಂದರೆ ಒಕ್ಕೂಟದ ಉದ್ದಗಲಕ್ಕೂ ಪ್ರತಿ ಪ್ರಜೆಗೆ ಸಮಾನ ಹಕ್ಕು ಎಂಬುದು ಸಂವಿಧಾನದ ತಳಪಾಯ ಎಂದು ಆಯೋಗ ಖಡಾಖಂಡಿತವಾಗಿ ಬರೆಯಿತು. ನಮ್ಮ ಸಂವಿಧಾನದಲ್ಲಿ ರಾಜ್ಯದ ಪೌರತ್ವ ಎಂಬುದೇ ಇಲ್ಲ. ಪೌರತ್ವ ಒಂದೇ, ಭಾರತದ್ದು. 19ನೇ ವಿಧಿ ದೇಶದ ಯಾವ ಮೂಲೆಯಲ್ಲಾದರೂ ನೆಲೆಸುವ ಹಕ್ಕು ಕೊಡುತ್ತದೆ. 29 ಮತ್ತು 30ನೇ ವಿಧಿಗಳು ಭಾಷೆ ಉಳಿಸಿಕೊಳ್ಳುವ, ಶಾಲೆ ಕಟ್ಟುವ ಹಕ್ಕು ಕೊಡುತ್ತವೆ. 1956ರ ಏಳನೇ ತಿದ್ದುಪಡಿ 350ಎ ವಿಧಿಯನ್ನು ಸೇರಿಸಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲೇ ಕಲಿಯಲು ಅನುಕೂಲ ಮಾಡಿಕೊಡಿ ಎಂದು ರಾಜ್ಯಗಳಿಗೆ ಹೇಳಿತು. ಗೆರೆ ಎಳೆದ ವರ್ಷವೇ ಗೆರೆಯ ಆಚೆ ಉಳಿದವರ ಯೋಚನೆಯನ್ನೂ ಮಾಡಿದ ಆ ಹಿರಿಯರಿಗೆ ನಾವು ಕೃತಜ್ಞರಾಗಿರಬೇಕು.

ಆದರೆ ವಿಧಿಗಳು ಬಾಗಿಲು ತೆರೆದಾವೇ ಹೊರತು ಒಳಗೆ ಕರೆದು ಕೂರಿಸಲಾರವು. ಮುಂಬಯಿಯಲ್ಲಿ 1966ರ ನಂತರ ಶಿವಸೇನೆಯ ಅಬ್ಬರದಲ್ಲಿ ಉಡುಪಿ ಹೋಟೆಲುಗಳ ಮೇಲೆ ದಾಳಿಗಳಾದವು. 1969ರ ಫೆಬ್ರವರಿಯಲ್ಲಿ ಗಡಿ ವಿವಾದವೇ ಆ ನಗರದ ಬೀದಿಗಳಲ್ಲಿ ಹೊತ್ತಿ ಉರಿಯಿತು. ಹೋಟೆಲಿನವರು ತಮ್ಮ ಪೌರತ್ವದ ದಾಖಲೆ ತೋರಿಸಿದ್ದರೂ ಕಲ್ಲು ನಿಲ್ಲುತ್ತಿರಲಿಲ್ಲ.

ಪುಣೆಯಲ್ಲಿ ಬೇರು ಇಳಿದದ್ದು ಹೇಗೆ? ಮೊದಲು ಅಡುಗೆಮನೆಯಿಂದ. ದಕ್ಷಿಣ ಕನ್ನಡದಿಂದ ಹುಡುಗರಾಗಿದ್ದಾಗಲೇ ಹೊರಟು ಬಂದ ಜಗನ್ನಾಥ ಶೆಟ್ಟರು ಫರ್ಗ್ಯುಸನ್ ಕಾಲೇಜಿನ ರಸ್ತೆಯಲ್ಲಿ ಬೆಳೆಸಿದ ‘ವೈಶಾಲಿ’, ‘ರೂಪಾಲಿ’ ಹೋಟೆಲುಗಳು ಪುಣೆಯ ವಿದ್ಯಾರ್ಥಿ ಜೀವನದ ಭಾಗವೇ ಆಗಿಹೋದವು. ಆಲೂರರೂ ಬೇಂದ್ರೆಯವರೂ ಓದಲು ನಡೆದಾಡಿದ ಪರಿಸರದಲ್ಲೇ ಮುಂದೆ ತುಳುನಾಡಿನ ಒಬ್ಬರು ಮರಾಠಿ ಹುಡುಗರಿಗೆ ಇಡ್ಲಿ, ದೋಸೆ ಬಡಿಸಿದರು. 2023ರಲ್ಲಿ ಅವರು ತೀರಿಕೊಂಡಾಗ ಪುಣೆ ತನ್ನವರನ್ನೇ ಕಳೆದುಕೊಂಡಂತೆ ಮರುಗಿತು. ಇನ್ನೊಂದು ಬೇರು ಶಾಲೆ. ಡಾ. ಶಾಮರಾವ್ ಕಲ್ಮಾಡಿಯವರಂಥ ವೈದ್ಯರು ಮುಂದೆ ನಿಂತು ಬೆಳೆಸಿದ ಪುಣೆಯ ಕನ್ನಡ ಸಂಘ ತನ್ನ ಸದಸ್ಯರ ಯುಗಾದಿ, ರಾಜ್ಯೋತ್ಸವಗಳಿಗೆ ಸೀಮಿತವಾಗಿ ಉಳಿಯಲಿಲ್ಲ. ಅದರ ಶಾಲೆಗಳಲ್ಲಿ, ಕಾವೇರಿ ಹೆಸರಿನ ಸಂಸ್ಥೆಗಳಲ್ಲಿ ಮರಾಠಿ ಮನೆಯ ಮಕ್ಕಳೂ ಕೂತು ಓದಿದರು. ಊರಿನಿಂದ ಪಡೆದದ್ದನ್ನು ಊರಿಗೇ ಕೊಡುವ ಈ ಬುದ್ಧಿಯೇ ಹೊರನಾಡ ಸಂಘಗಳಿಗೆ ಬೇಕಾದದ್ದು ಎಂದು ನನಗೆ ಬಲವಾಗಿ ಅನಿಸುತ್ತದೆ. ಆ ವೈದ್ಯರ ಮಗ ಸುರೇಶ್ ಕಲ್ಮಾಡಿ ವಾಯುಪಡೆಯಲ್ಲಿ ವಿಮಾನ ಹಾರಿಸಿದವರು. 1996, 2004 ಮತ್ತು 2009ರಲ್ಲಿ ಪುಣೆಯ ಮತದಾರರು ಅವರನ್ನು ಲೋಕಸಭೆಗೆ ಕಳಿಸಿದರು. ಅವರ ರಾಜಕಾರಣದ ಬಗ್ಗೆ ಏನೇ ಅಭಿಪ್ರಾಯವಿರಲಿ, ಪೇಶ್ವೆಗಳ ಊರು ಕನ್ನಡ ಮನೆತನದ ಒಬ್ಬರನ್ನು ತನ್ನ ಪ್ರತಿನಿಧಿಯೆಂದು ಮೂರು ಸಲ ಆರಿಸಿತು.

ಎಲ್ಲಕ್ಕಿಂತ ಆಳಕ್ಕೆ ಇಳಿದದ್ದು ಸಂಗೀತ. ಉತ್ತರ ಪ್ರದೇಶದ ಕೈರಾನಾದಿಂದ ಬಂದ ಅಬ್ದುಲ್ ಕರೀಂ ಖಾನರು ಮಿರಜದಲ್ಲಿ ನೆಲೆಸಿದರು, ಪುಣೆಯಲ್ಲಿ ಸಂಗೀತ ಶಾಲೆ ನಡೆಸಿದರು, ಮೈಸೂರಿನ ಆಸ್ಥಾನಕ್ಕೆ ಹೋಗಿ ಬರುತ್ತಿದ್ದರು. ಕುಂದಗೋಳದ ರಾಮಭಾವು ಅವರ ಶಿಷ್ಯರಾಗಿ, ಮರಾಠಿ ರಂಗಭೂಮಿಯಲ್ಲಿ ಹಾಡಿ, ಸವಾಯಿ ಗಂಧರ್ವರೆನಿಸಿದರು. ಅವರ ಬಳಿ ಕಲಿಯಲು ಬಂದದ್ದು 1922ರಲ್ಲಿ ಹುಟ್ಟಿದ್ದ ಗದಗ ಸೀಮೆಯ ಭೀಮಸೇನ. ಗುರುವನ್ನು ಹುಡುಕುತ್ತ ಬಾಲಕನಾಗಿದ್ದಾಗಲೇ ಮನೆ ಬಿಟ್ಟು ಉತ್ತರ ಹಿಂದುಸ್ತಾನವನ್ನೆಲ್ಲ ಸುತ್ತಿ ಬಂದವನು. 1946ರ ಜನವರಿಯಲ್ಲಿ ಪುಣೆಯಲ್ಲಿ ಸವಾಯಿ ಗಂಧರ್ವರ ಅರವತ್ತರ ಸಮಾರಂಭ. ಆ ವೇದಿಕೆಯಲ್ಲಿ ಹಾಡಿದ ಭೀಮಸೇನ ಜೋಶಿಯವರನ್ನು ಪುಣೆಯ ರಸಿಕರು ಅಂದು ಗುರುತಿಸಿದರು, ಮತ್ತೆಂದೂ ಬಿಡಲಿಲ್ಲ. ಗುರು 1952ರಲ್ಲಿ ಕಣ್ಮುಚ್ಚಿದರು. ಮರುವರ್ಷ ಅವರ ಹೆಸರಿನಲ್ಲಿ ಸಂಗೀತ ಮಹೋತ್ಸವ ಶುರುವಾಯಿತು. ಕುಂದಗೋಳದ ಗವಾಯಿಯೊಬ್ಬರ ಪುಣ್ಯಸ್ಮರಣೆ ಪುಣೆಯ ಅತಿದೊಡ್ಡ ಸಾಂಸ್ಕೃತಿಕ ಹಬ್ಬವಾಗಿ ಬೆಳೆಯಿತು. 1956ರ ಗೆರೆ ಅದನ್ನು ಮುಟ್ಟಲಿಲ್ಲ. 1960ರ ಮೇ 1ರಂದು ಮಹಾರಾಷ್ಟ್ರ ರಾಜ್ಯ ಬಂತು, ಆಗಲೂ ಮುಟ್ಟಲಿಲ್ಲ.

ಭೀಮಸೇನರು ಮರಾಠಿ ಸಂತರ ಅಭಂಗಗಳನ್ನು ‘ಸಂತವಾಣಿ’ ಎಂದು ಹಾಡಿದಾಗ ವಾರಕರಿಗಳು ಕಣ್ಣೀರು ಹಾಕಿದರು. ಪುರಂದರದಾಸರ ಪದಗಳನ್ನು ಹಾಡಿದಾಗ ನಮ್ಮ ಅಜ್ಜಿಯರು ಕೈಮುಗಿದರು. ಎರಡರಲ್ಲೂ ದೇವರು ಒಬ್ಬನೇ, ಪಂಢರಪುರದ ವಿಠ್ಠಲ. ಆ ವಿಠ್ಠಲನನ್ನು ಕನ್ನಡದವನೆಂದು ಕರೆದವರು ಮರಾಠಿಯ ಜ್ಞಾನೇಶ್ವರರು. ದಾಸರ ಅಂಕಿತಗಳಲ್ಲಿ ಕೂತವನೂ ಅವನೇ. ಏಳು ಶತಮಾನಗಳ ಹಿಂದೆಯೇ ಈ ಎರಡು ನುಡಿಗಳ ನಡುವೆ ಓಡಾಡಿದ್ದ ಭಕ್ತಿಯ ದಾರಿಯಲ್ಲೇ ಭೀಮಸೇನರು ನಡೆದರು. ಮಹಾರಾಷ್ಟ್ರ ಅವರಿಗೆ 2002ರಲ್ಲಿ ಮಹಾರಾಷ್ಟ್ರ ಭೂಷಣ ಕೊಟ್ಟಿತು, ಕರ್ನಾಟಕ 2005ರಲ್ಲಿ ಕರ್ನಾಟಕ ರತ್ನ ಕೊಟ್ಟಿತು, ಭಾರತ 2008ರಲ್ಲಿ ಭಾರತ ರತ್ನ ಘೋಷಿಸಿತು. ದೂರದರ್ಶನ 1988ರಲ್ಲಿ ದೇಶದ ಐಕ್ಯಕ್ಕೆಂದು ಬಿತ್ತರಿಸಿದ ‘ಮಿಲೇ ಸುರ್ ಮೇರಾ ತುಮ್ಹಾರಾ’ ತೆರೆದುಕೊಳ್ಳುವುದೂ ಅವರ ಕೊರಳಿನಿಂದ.

ಹೀಗೆ ಎರಡು ಕಡೆ ಹರಿಯುವ ಪ್ರೀತಿಯನ್ನು ನಂಬದವರೂ ಇದ್ದಾರೆ. ಇಂಗ್ಲೆಂಡಿನಲ್ಲಿ 1990ರಲ್ಲಿ ನಾರ್ಮನ್ ಟೆಬಿಟ್ ಎಂಬ ರಾಜಕಾರಣಿ, ವಲಸೆ ಬಂದ ಏಷ್ಯನ್ನರ ನಿಷ್ಠೆ ತಿಳಿಯಬೇಕಾದರೆ ಕ್ರಿಕೆಟ್ ಪಂದ್ಯದಲ್ಲಿ ಅವರು ಯಾವ ತಂಡಕ್ಕೆ ಚಪ್ಪಾಳೆ ತಟ್ಟುತ್ತಾರೆ ನೋಡಿ ಎಂದಿದ್ದ. ಅಲ್ಲಿ ಅದು ಬಿರುಸಿನ ಚರ್ಚೆಯಾಯಿತು. ಅಂಥ ಪರೀಕ್ಷೆಗಳ ಕುರುಡುತನ ನನ್ನನ್ನು ನೋಯಿಸುತ್ತದೆ. ತಾಯಿಯನ್ನು ಪ್ರೀತಿಸಿದವಳು ಅತ್ತೆಮನೆಗೆ ಎರವಾದಳೆಂದು ಯಾರಾದರೂ ಹೇಳಿಯಾರೇ? ನಮ್ಮಲ್ಲೂ ಇಂಥ ಪರೀಕ್ಷೆ ಬೇರೆ ವೇಷದಲ್ಲಿ ಬರುತ್ತದೆ: ಇಲ್ಲಿ ಹುಟ್ಟಿದವನೇ, ಇಲ್ಲಿ ಎಷ್ಟು ವರ್ಷ ಇದ್ದಾನೆ, ವಾಸದ ದಾಖಲೆ ಎಲ್ಲಿ? ವೈದ್ಯ ಕಾಲೇಜುಗಳ ಪ್ರವೇಶದ ಬಗ್ಗೆ 1984ರಲ್ಲಿ ಬಂದ ಡಾ. ಪ್ರದೀಪ್ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಈ ದೇಶದಲ್ಲಿ ಕಾಯಂ ನೆಲೆ ಎಂಬುದು ಒಂದೇ, ಅದು ಭಾರತದ ನೆಲೆ, ರಾಜ್ಯಕ್ಕೊಂದು ಬೇರೆ ನೆಲೆ ಎಂಬ ಮಾತು ಸಲ್ಲದು ಎಂದು ವಿವರಿಸಿತು. ವಾಸದ ಆಧಾರದ ಮೀಸಲನ್ನು ಪೂರ್ತಿ ತೆಗೆಯಲಿಲ್ಲ, ಮಿತಿ ಹಾಕಿತು.

ಇರುವ ಊರಿನ ಭಾಷೆ ಕಲಿಯಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಕರ್ನಾಟಕ 2015ರಲ್ಲಿ ಶಾಲೆಗಳಲ್ಲಿ ಕನ್ನಡ ಕಲಿಕೆಗೆ ಕಾನೂನು ಮಾಡಿತು, ಮಹಾರಾಷ್ಟ್ರ 2020ರಲ್ಲಿ ಮರಾಠಿಗೆ ಮಾಡಿತು. ಎರಡೂ ನ್ಯಾಯವೇ. ಪುಣೆಯ ಕನ್ನಡಿಗರು ಕಾನೂನು ಬರುವ ಮೊದಲೇ ಮರಾಠಿ ಕಲಿತಿದ್ದರು. ಕಲಿಯಿರಿ ಎನ್ನುವುದು ಸರಿ, ನಿಮ್ಮದನ್ನು ಮರೆಯಿರಿ ಎನ್ನುವುದು ತಪ್ಪು. ಪುಣೆಯಲ್ಲಿ ಕೇಂದ್ರ ಕಚೇರಿ ಇರುವ ಬಾಲಭಾರತಿ, ಅಂದರೆ ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ, 1967ರಲ್ಲಿ ಶುರುವಾದದ್ದು. ಅದು ಮರಾಠಿಯ ಜೊತೆ ಕನ್ನಡದಲ್ಲೂ ಪಠ್ಯಪುಸ್ತಕ ಹೊರತರುತ್ತದೆ. ಜತ್ತ, ಅಕ್ಕಲಕೋಟೆಯ ಕನ್ನಡ ಶಾಲೆಗಳ ಮಕ್ಕಳು ಓದುವುದು ಅವನ್ನೇ. ಈ ಕೆಲಸದ ಬಗ್ಗೆ ಇಲ್ಲಿ ಯಾರೂ ಭಾಷಣ ಮಾಡುವುದಿಲ್ಲ. ಮಾಡಬೇಕು.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಮನಸ್ಸು ತೃಪ್ತಿಪಡುವುದಿಲ್ಲ. ಇಲ್ಲಿಯವರೆಗೆ ಹೆಸರಿಸಿದವರೆಲ್ಲ ವಿದ್ಯೆಯೋ ಕಲೆಯೋ ವ್ಯಾಪಾರವೋ ಇದ್ದವರು. ಪುಣೆಗೆ ಕನ್ನಡ ನಾಡಿನಿಂದ ಇನ್ನೊಂದು ದಾರಿಯಲ್ಲೂ ಜನ ಬಂದರು, ಬರುತ್ತಲೇ ಇದ್ದಾರೆ. ಕಲಬುರಗಿ, ವಿಜಯಪುರ, ಯಾದಗಿರಿಯ ಒಣಭೂಮಿಯಿಂದ ಸೊಲ್ಲಾಪುರದ ಮೇಲಿನ ರೈಲು ಹಿಡಿದು, ಕೂಸು ಕುನ್ನಿ ಕಟ್ಟಿಕೊಂಡು ಬರುವ ದುಡಿಯುವವರು. ಹಿಂಜೆವಾಡಿಯ ಗಾಜಿನ ಗೋಪುರಗಳಿಗೂ ನಗರದಂಚಿನ ಎತ್ತರದ ವಸತಿ ಕಟ್ಟಡಗಳಿಗೂ ಇಟ್ಟಿಗೆ, ಸಿಮೆಂಟು ಹೊತ್ತವರಲ್ಲಿ ಇವರಿದ್ದಾರೆ. ಕಟ್ಟಡ ಮುಗಿದಂತೆ ತಗಡಿನ ಗುಡಿಸಲು ಕಿತ್ತು ಮುಂದಿನ ಸೈಟಿಗೆ ಹೋಗುತ್ತಾರೆ. ಅಂತರರಾಜ್ಯ ವಲಸೆ ಕಾರ್ಮಿಕರಿಗೆಂದು 1979ರಲ್ಲಿ ಕಾನೂನು ಬಂತು, ಕಟ್ಟಡ ಕಾರ್ಮಿಕರಿಗೆಂದು 1996ರಲ್ಲಿ ಬಂತು. ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಲು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದದ್ದಕ್ಕೆ ಪುರಾವೆ ಬೇಕು. ಮುಕಾದಮನ ಬಾಯಿಮಾತಿನಲ್ಲಿ ಕೂಲಿ ಪಡೆಯುವವರು ಆ ಚೀಟಿ ಎಲ್ಲಿಂದ ತರಬೇಕು? 2020ರ ಮಾರ್ಚ್‌ನಲ್ಲಿ, ಕೊರೋನಾ ಕಾಲದಲ್ಲಿ, ಊರಿಗೆ ಊರೇ ಬಾಗಿಲು ಹಾಕಿಕೊಂಡಾಗ ದೇಶದ ಎಲ್ಲ ದೊಡ್ಡ ನಗರಗಳಿಂದ ಹೆದ್ದಾರಿಗೆ ಇಳಿದು ನಡೆದವರು ಇಂಥವರು. ಆಗ ಕರ್ನಾಟಕವೂ ಕೆಲವು ದಿನ ಮಹಾರಾಷ್ಟ್ರದಿಂದ ಬರುವ ತನ್ನ ಮಕ್ಕಳಿಗೆ ಗಡಿ ಮುಚ್ಚಿತ್ತು. ಭಾರತದ ಪೌರತ್ವ ಕೈಯಲ್ಲಿದ್ದೂ ಅವರು ಎರಡೂ ಕಡೆಗೆ ಬೇಡವಾದರು.

ಅದೇ ವರ್ಷದ ಜನವರಿಯಿಂದ ಎರಡೂ ರಾಜ್ಯಗಳು ಒಂದೇ ಪಡಿತರ ಚೀಟಿಯ ಯೋಜನೆಯಲ್ಲಿವೆ. ಕಲಬುರಗಿಯ ಚೀಟಿಗೆ ಪುಣೆಯ ಅಂಗಡಿಯಲ್ಲಿ ಧಾನ್ಯ ಸಿಗಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ವರ್ಗಾವಣೆ ಪತ್ರ ಇಲ್ಲವೆಂದು ಯಾವ ಶಾಲೆಯೂ ಮಗುವನ್ನು ಹೊರಗಿಡುವಂತಿಲ್ಲ, ಸಾಧ್ಯವಾದಷ್ಟೂ ಮಾತೃಭಾಷೆಯಲ್ಲೇ ಕಲಿಸಬೇಕು. ಕನ್ನಡ ಪುಸ್ತಕ ಅಚ್ಚಾಗುವುದು ಇದೇ ನಗರದ ಸೇನಾಪತಿ ಬಾಪಟ್ ರಸ್ತೆಯ ಬಾಲಭಾರತಿಯಿಂದ. ಆ ಪುಸ್ತಕವನ್ನು ಹಿಂಜೆವಾಡಿಯ ತಗಡಿನ ಶೆಡ್ಡಿಗೆ ಮುಟ್ಟಿಸುವ, ಅಲ್ಲಿನ ತಾಯಂದಿರಿಗೆ ಪಡಿತರದ ಅಂಗಡಿಯನ್ನೂ ಕಲ್ಯಾಣ ಮಂಡಳಿಯ ಅರ್ಜಿಯನ್ನೂ ಕನ್ನಡದಲ್ಲಿ ತಿಳಿಸಿ ಹೇಳುವ ಕೆಲಸ ಪುಣೆಯಲ್ಲಿ ನೆಲೆ ಕಂಡ ಕನ್ನಡಿಗರ ಕೈಯಲ್ಲಿದೆ. ಅವರಿಗೆ ಮರಾಠಿಯೂ ಬರುತ್ತದೆ, ಕಚೇರಿಯ ದಾರಿಯೂ ಗೊತ್ತು.